ಕುಂಬಾರವಾಡಕ್ಕೆ ಹೋಗಿ ಕೊಟ್ಟ ಉತ್ತರ

ಹಳಿಯಾಳ

ಮಹೆಜಬೀನ ಮೇಡಂ ಅವರಿಗೆ, ನಿಮ್ಮ ಆನ್‌ಲೈನ್ ಬಿ.ಎ. ತರಗತಿಯ ಅತಿ ಹಿರಿಯ ವಿದ್ಯಾರ್ಥಿ, ನಾಟಕದ ಗೇಮಪ್ಪನ ನಮಸ್ಕಾರ!

ಚರ್ಚಾ ವೇದಿಕೆಯಲ್ಲಿ ನನಗೆ ಸೊನ್ನೆ ಬಿದ್ದಿದೆ. "ಸಹಪಾಠಿಯೊಬ್ಬರಿಗೆ ಉತ್ತರಿಸಿ" ಎಂದಿದ್ದಿರಿ. ನಾಟಕದವರು ನಾವು, ಎದುರಿಗೆ ನಿಂತೇ ಉತ್ತರ ಕೊಡುವವರು! "ಈ ಓದು ನನ್ನಿಂದ ಆಗೂದಿಲ್ಲ, ಬಿಡ್ತೇನಿ" ಎಂದು ಸಹಪಾಠಿ ತುಳಜಾ ಅಲ್ಲಿ ಬರೆದಿದ್ದಳು. ನಾನು ಅದಕ್ಕೆ ಉತ್ತರ ಬರೆಯಲಿಲ್ಲ, ಬಸ್ ಹತ್ತಿ ಅವಳೂರು ಕುಂಬಾರವಾಡಕ್ಕೇ ಹೋದೆ. ಅವರ ಅಂಗಳದಲ್ಲಿ ನಿಂತು ಒಂದು ತಾಸು ಗುಡುಗಿದೆ.

ಕಡೆಗೆ ಅವಳೇ, "ಸಾಕ್ ಮಾಡ್ರಿ ಕಾಕಾ, ಓದ್ತೇನಿ! ಎಮ್ಮಿ ಬೆದರಾಕ ಹತ್ಯಾವು" ಎಂದಳು.

ವೇದಿಕೆಯ ಪ್ರಶ್ನೆಗೆ ಅವಳ ಉತ್ತರ ನಿನ್ನೆ ಬಂದಿದೆ, ಗಡುವು ಮುಗಿದ ಎರಡು ದಿನಕ್ಕೆ. ಅಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ನನ್ನ ಸೊನ್ನೆ ಹಾಗೇ ಇರಲಿ. ಅವಳದನ್ನು ಓದಿ ಅಂಕ ಕೊಡಿ.

ಇಲ್ಲವಾದರೆ, ಮೇಡಂ, ನಿಮ್ಮ ಅಂಗಳವೂ ನನಗೆ ದೂರವಲ್ಲ.

ನಿಮ್ಮ ವಿಧೇಯ,
ಗೇಮಪ್ಪ