ಸೋಯಾ ಅಂದ್ರ ಶೇಂಗಾ ಅಲ್ಲ

ಹೈದರಾಬಾದ್, ಮೂಸಾಪೇಟ
17 ನವೆಂಬರ್ 2024, ರವಿವಾರ ರಾತ್ರಿ

ಪ್ರೀತಿಯ ಅವ್ವಗ ನಿನ್ನ ಮಗ ಜೈಭೀಮನ ನಮಸ್ಕಾರ.

ಫೋನಿನ್ಯಾಗ ದನಿ ತುಂಬಿ ಕಳಿಸೋದಕ್ಕ ಊರು, ತಾರೀಖು ಎಲ್ಲಾ ಯಾಕ ಬೇಕು ಅಂತ ತಂಗಿ ಸುಜಾತಾ ನಗ್ತಾಳ, ಗೊತ್ತದ ನಂಗ. ನಗಲಿ. ಅಪ್ಪ ಇದ್ದಾಗ ಮುಂಬೈದಿಂದ ಬರೀತಿದ್ದ ಕಾಗದ ಹಿಂಗೇ ಶುರು ಆಗ್ತಿದ್ವು ಅಂತ ನೀನೇ ಹೇಳ್ತಿದ್ದಿ. ಮೊದಲು ಎಲ್ಲಿದ್ದೀನಿ ಅನ್ನೋದು, ಆಮ್ಯಾಲ ಆರಾಮ ಕೇಳೋದು, ಸುದ್ದಿ ಕಡೀಕ. ನಂಗ ಬರಿಯೋ ಚಟ ಇಲ್ಲ, ಕುಂತಲ್ಲಿ ಕುಂಡ್ರೋ ಚಟಾನೂ ಇಲ್ಲ, ಅದಕ್ಕ ಮೆಟ್ಟಿಲ ಮ್ಯಾಲ ಓಡ್ಯಾಡಕೋತ ಹೇಳಾಕತ್ತೀನಿ. ನಡುನಡುಕ ದನಿ ತುಂಡಾದ್ರ ಯಾರೋ ನೀರಿಗೆ ಎದ್ದು ಬಂದ್ರು ಅಂತ ತಿಳ್ಕೋ. ಸುಜಾತಾ, ನೀ ಕಾಲೇಜಿಗೆ ಹೋಗೋಕ್ಕಿಂತ ಮೊದಲು ಅವ್ವಗ ಇದನ್ನ ಪೂರಾ ಕೇಳಿಸು. ಪೂರಾ ಅಂದ್ರ ಪೂರಾ. ಅರ್ಧ ಕೇಳಿದ್ರ ಏನಾಗ್ತದ ಅಂತ ನಿಮ್ಮಣ್ಣಗ ಈಗ ಚಲೋತ್ನಾಗಿ ಗೊತ್ತಾಗ್ಯಾದ.

ಅವ್ವ, ನಿನ್ನ ಮಣಕಾಲು ಹೆಂಗದ? ಥಂಡಿ ಶುರು ಆದ್ರ ಜಾಸ್ತಿ ಆಗ್ತದ, ಎಣ್ಣಿ ಕಾಸಿ ಹಚ್ಚಿಸ್ಕೋ, ಸುಜಾತಾನ ಕೈಲೆ ಹಚ್ಚಿಸ್ಕೋ, ಅಕಿ ಏನು ಮಹಾರಾಣಿ ಅಲ್ಲ. ತೊಗರಿ ಹೂವಿಗೆ ಬಂದಾವೇನು? ಎಮ್ಮಿ ಇನ್ನಾ ಹಾಲು ಕೊಡ್ತದೋ, ಬತ್ತೇದೋ? ಇಲ್ಲಿ ನಾನು ಆರಾಮ ಇದ್ದೀನಿ. ಆರಾಮ ಅಂದ್ರ ಹೊಟ್ಟಿ ಆರಾಮ ಅದ, ಮಾರಿ ಆರಾಮ ಇಲ್ಲ. ಅಂದ್ರ, ಯಾರಿಗೂ ಮಾರಿ ತೋರಸ್ಲಿಕ್ಕ ಆಗವಲ್ದು.

ಸುದ್ದಿ ಅಂದ್ರ ನೀ ಕಳಿಸಿದ ಸೋಯಾ ಕಾಳಿಂದೇ. ಹೋದ ವಾರದ ಶನಿವಾರ ನಮ್ಮೂರ ಮೌಲಾಲಿ ಮಾಮಾನ ಟೆಂಪೋದಾಗ ಚೀಲ ಬಂತು. ಬಿಚ್ಚಿ ನೋಡಿ ನಯೀಮ ಬಿದ್ದು ಬಿದ್ದು ನಕ್ಕ, "ಏನಪಾ, ಎಣ್ಣಿ ಮಿಲ್ಲಿಗೆ ಹೋಗೋ ಮಾಲು ನಿಮ್ಮವ್ವ ಅಡ್ರೆಸ್ ತಪ್ಪಿ ಇಲ್ಲಿಗೆ ಕಳಿಸ್ಯಾರೇನು?" ಅಂತ. ನಯೀಮ ಗೊತ್ತಲ್ಲ, ನನ್ನ ರೂಮಿನಂವ, ವಾಡಿ ಹುಡುಗ, ಸಿಮೆಂಟ್ ಧೂಳು ಕುಡದು ಬೆಳದಂವ. ನಾನೂ ನಕ್ಕೆ. ಖರೇನೇ ಅಲ್ಲ, ನಾವು ಸೋಯಾ ಬಿತ್ತತೀವಿ, ರಾಶಿ ಮಾಡ್ತೀವಿ, ಸುಲೇಪೇಟಕ್ಕ ಒಯ್ದು ಅಡತಿ ಅಂಗಡಿಗೆ ಹಾಕಿ ಬರ್ತೀವಿ. ಒಂದು ಕಾಳು ನಮ್ಮ ಗಡಗಿಗೆ ಬಿದ್ದಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ಈ ಸಲ ಹೆಣ್ಮಕ್ಕಳ ಸಂಘದಾಗ ಯಾರೋ ಮೇಡಮ್ಮು ಬಂದು ಕಲಿಸಿದ್ರು ಅಂತ ನೀ ಮಾಡಿ ಉಂಡು, ಬೆಣ್ಣಿ ಬೆಣ್ಣಿ ಆಗ್ತದ ರಸಾ, ನನ್ನ ಮಗ ಅಲ್ಲಿ ನೀರುಸಾರು ಉಣ್ಣಾಕತ್ಯಾನ ಅಂತ ಮರುಗಿ ಕಳಿಸಿದಿ. ಮಾಡೋದು ಹೆಂಗ ಅಂತ ದನಿನೂ ಕಳಿಸಿದಿ. ಅವ್ವ, ಸಿಟ್ಟಾಗಬ್ಯಾಡ. ನೀ ಸುದ್ದಿ ಶುರು ಮಾಡೋದೇ ಎಮ್ಮಿಯಿಂದ, ಅಲ್ಲಿಂದ ಸೀತಾಫಲಕ್ಕ ಹೋಗ್ತಿ, ಅಲ್ಲಿಂದ ಯಾರ ಮನ್ಯಾಗ ಕೂಸು ಹುಟ್ಟಿತು ಅನ್ನೋದಕ್ಕ. ನಾ ಅದನ್ನ ಜೋರು ಓಡಿಸಿ ಕೇಳ್ದೆ. "ರುಬ್ಬಿ ಹಾಕಿದ್ರ ಬೆಣ್ಣಿ ಆಗ್ತದ" ಅನ್ನೋತನಕ ಕೇಳಿ, ಆತು ತಿಳೀತು ಅಂತ ಬಂದ್ ಮಾಡ್ದೆ.

ಮರುದಿನ ರವಿವಾರ, ಅಡಗಿ ನನ್ನ ಪಾಳಿ. ರೂಮಿನ ಇನ್ನೊಬ್ಬಂವ, ಸೇಡಂದ ಅಣವೀರ, ತತ್ತಿನೂ ಮುಟ್ಟಂಗಿಲ್ಲ, ಅದಕ್ಕ ರವಿವಾರ ನಮ್ಮ ರೂಮಿನ್ಯಾಗ ಎಲ್ಲಾರಿಗೂ ಕಾಯಿಪಲ್ಲೆ, ಕಾಳುಪಲ್ಲೆನೇ. ಕಾಳು ರಾತ್ರಿ ನೆನೆ ಹಾಕೋದು ಮರ್ತೆ. ಮುಂಜಾನೆ ಬಿಸಿನೀರಾಗ ಹಾಕ್ದೆ. ಅರ್ಧ ಕಾಳು ಕುಕ್ಕರಿಗೆ ಹಾಕಿ ಸೀಟಿ ಹೊಡಿಸ್ದೆ, ಉಳ್ಳಾಗಡ್ಡಿ ಕೆಂಪಗ ಹುರದು, ಟಮಾಟಿ, ಖಾರಪುಡಿ, ಮಸಾಲಿ ಎಲ್ಲಾ ಹಾಕ್ದೆ. ಬಣ್ಣ ಬಂತು, ಆದ್ರ ರಸಾ ನೀರು ನೀರು. ನಯೀಮ ಇಣುಕಿ ನೋಡಿ, "ಇದರಾಗ ಈಜಬಹುದಪಾ" ಅಂದ. ನಂಗ ಸಿಟ್ಟು ಬಂತು. ನಮ್ಮ ಮನ್ಯಾಗ ರಸಾ ತೆಳ್ಳಗಾದ್ರ ನೀ ಏನು ಮಾಡ್ತಿ? ಕಡೀಕ ಒಂದು ಹಿಡಿ ಶೇಂಗಾ ಕುಟ್ಟಿ ಹಾಕಿ ಇಳಸ್ತಿ. ಎಣ್ಣಿಕಾಳು ಅಂದ್ರ ಎಣ್ಣಿಕಾಳು, ಶೇಂಗಾ ಆದ್ರೇನು ಸೋಯಾ ಆದ್ರೇನು ಅಂತ ತಿಳದು, ನೆನದಿದ್ದ ಉಳದ ಹಸೀ ಕಾಳು ಬಳ್ಳೊಳ್ಳಿ ಕೂಡ ಮಿಕ್ಸರಿಗೆ ಹಾಕಿ ತಿರುವ್ದೆ. ಅವ್ವ, ಹಾಲಿನಂಗ ಬಂತು ನೋಡು, ಬೆಳ್ಳಗ, ನೊರಿ ನೊರಿ. ಅದನ್ನ ಸುರುವಿ, ಮ್ಯಾಲ ಕೆಳಗಿನ ಮನಿ ಖಾಲಾನ ಗಟ್ಟಿ ಮೊಸರು ಹಾಕಿ, ಕುದಿಸಿದ್ರ ಮೊಸರು ಒಡೀತದ ಅಂತ ಖಾಲಾ ಹೇಳಿದ್ದು ನೆನಪಾಗಿ ಅವಾಗೇ ಗ್ಯಾಸ್ ಬಂದ್ ಮಾಡ್ದೆ. ಸ್ವಲ್ಪ ಹಸೀ ವಾಸನಿ ಬಂತು. ಕೊತ್ತಂಬರಿ ಹಾಕಿ ಮುಚ್ಚಿದೆ. ಉಣ್ಣೋವಾಗ ಅಣವೀರ ರೊಟ್ಟಿಲೆ ಗಂಗಾಳ ಒರಸಿದ. "ಹೋಟೆಲ್ ಹಾಕೋಣಪಾ, ಗಲ್ಲೇದ ಮ್ಯಾಲ ನಾ ಕುಂಡ್ರತೀನಿ" ಅಂದ ನಯೀಮ. ಇದು ನನ್ನ ಸ್ವಂತ ರೀತಿ ಅಂದೆ ನಾ. ನಿನ್ನ ಹೆಸರೂ ಹೇಳಲಿಲ್ಲ ಅವ್ವ. ಸುಜಾತಾಗ ಫೋಟೋ ಕಳಿಸ್ದೆ, ನೀ ನೋಡಿ ಖುಷಿ ಆದಿ ಅಂತ ಅಕಿ ಬರದಿದ್ಲು.

ಹೊತ್ತು ಮುಳುಗೋದ್ರಾಗ ಮೂರೂ ಮಂದಿ ಹೊಟ್ಟಿ ಹಿಡ್ಕೊಂಡು ಕುಂತ್ವಿ. ಅದನ್ನ ಪೂರಾ ಹೇಳಂಗಿಲ್ಲ, ಸುಜಾತಾ ಕೇಳ್ತಿರ್ತಾಳ. ಪಾಯಖಾನಿ ಇಡೀ ಮಾಳಗಿಗೆ ಒಂದೇ, ಅಷ್ಟು ತಿಳ್ಕೊಂಡ್ರ ಸಾಕು. ನಂದು, ಅಣವೀರಂದು ಬಿಡು, ಕೆಲಸಕ್ಕ ರಜಾ ಹಾಕಿದ್ವಿ. ನಯೀಮಂದು ಸೋಮವಾರ ಜೆಸಿಬಿ ನಡಸೋ ಟ್ರಯಲ್ ಇತ್ತು. ಆರು ತಿಂಗಳಿಂದ ಆ ಮಶೀನಿನ ಹಿಂದ ತಿರುಗಿ, ಹಲ್ಲು ಗಿಂಜಿ, ನಡಸ್ಲಿಕ್ಕ ಕಲ್ತಿದ್ದ. ಹೊಟ್ಟಿ ಕಟ್ಕೊಂಡೇ ಹೋದ. ನಡುವೇ ಮಶೀನ್ ಬಿಟ್ಟು ಇಳದು ಓಡಿದನಂತ. ಎಲ್ಲಾರೂ ನಕ್ರಂತ. ಸಾಹೇಬ ಹೆಸರು ಹೊಡದು ಹಾಕ್ಯಾನ. ವಾಪಸ್ ಬಂದು ಗ್ವಾಡಿ ಕಡಿ ಮಾರಿ ಮಾಡಿ ಮಲಗ್ದ. ಆಮ್ಯಾಲ ಎದ್ದು ಕುಂತು ಅಂದ, "ಇದು ಮೊಸರಿನ ಕೆಲಸ. ಮುದುಕಿ ಹಳೇ ಮೊಸರು ಕೊಟ್ಟಾಳ." ನನ್ನ ಕಡಿ ನೋಡಿ ಕೇಳ್ದ, "ಹುಳಿ ವಾಸನಿ ಬಂದಿತ್ತಿಲ್ಲೋ?" ನಾ ಹೂಂ ಅಂದೆ.

ಅಷ್ಟೇ ಅವ್ವ. ಒಂದು ಹೂಂ. ಅವಾಗ ನಂಗೂ ಖರೆ ಏನು ಅಂತ ಗೊತ್ತಿರಲಿಲ್ಲ, ಇಷ್ಟು ಮಾತ್ರ ನನ್ನ ಕಡಿ ಹೇಳ್ತೀನಿ. ಆದ್ರ ವಾಸನಿ ಮೊಸರಿಂದಲ್ಲ, ಕಾಳಿಂದು ಅಂತ ನನ್ನ ಮೂಗಿಗೆ ಗೊತ್ತಿತ್ತು. ಮರುದಿನ ಅದೇ ಮೊಸರು ಉಳದಿದ್ದು ಅನ್ನಕ್ಕ ಕಲಸಿ ಉಂಡೆ, ಏನೂ ಆಗಲಿಲ್ಲ, ಹೊಟ್ಟಿ ತಣ್ಣಗಾತು. ಅವಾಗ ಅಂಜಿಕಿ ಬಂದು ನಿನ್ನ ದನಿ ತಗದು ಕಡೀತನಕ ಕೇಳ್ದೆ. ಕೂಸಿನ ಸುದ್ದಿ ಮುಗದ ಮ್ಯಾಲ ನೀ ಅಂದಿದ್ದಿ, "ಸೋಯಾ ಅಂದ್ರ ಶೇಂಗಾ ಅಲ್ಲ ನನ್ನಪ್ಪಾ, ಹಸೀದು ರುಬ್ಬಿ ಹಾಕಬ್ಯಾಡ, ಹೊಟ್ಟಿ ಹಿಡೀತದ. ರಾತ್ರಿ ನೆನಿ ಹಾಕಿ ಆ ನೀರು ಚೆಲ್ಲು. ಬೆರಳಾಗ ಹಿಚಕಿದ್ರ ಬೆಣ್ಣಿ ಆಗಬೇಕು ಹಂಗ ಕುದಿಸು, ಆಮ್ಯಾಲ ರುಬ್ಬು, ರುಬ್ಬಿ ಮತ್ತ ಕುದಿಸು. ಅವಸರ ಮಾಡಬ್ಯಾಡ, ನೀ ಅವಸರದ ಕೂಸು." ಮೆಟ್ಟಿಲ ಮ್ಯಾಲ ಕುಂತು ಕೇಳ್ದೆ. ಇದೇ ಮೆಟ್ಟಿಲು.

ಅಷ್ಟೊತ್ತಿಗೆ ನಯೀಮ ಗಲ್ಲಿ ತುಂಬಾ ಹೇಳಿ ಆಗಿತ್ತು. ಕೆಳಗಿನ ಮನಿ ಕಮರುನ್ನೀಸಾ ಖಾಲಾ ಅಂದ್ರ ನಿಂಗ ಗೊತ್ತೇ ಅದ. ಹೋದ ವರ್ಷ ನಂಗ ಕಾಮಾಲಿ ಆದಾಗ ನೀ ಬಂದಿದ್ದಿ, ದಿನಾ ಅವರ ಬಾಗಿಲದಾಗ ಕುಂತು ಎಲಿ ಅಡಕಿ ಹಾಕ್ಕೊಂಡು ಇಬ್ಬರೂ ನನ್ನ ಬೈತಿದ್ರಿ. ಈ ಗಲ್ಲಿ ಅಷ್ಟೂ ರೂಮಿಗೆ ಅವರದೇ ಮೊಸರು, ಅವರದೇ ಮಜ್ಜಿಗಿ. ಈಗ ಹುಡುಗರು ಪ್ಯಾಕೀಟು ತರಾಕತ್ಯಾರ. ಒಬ್ಬಂವ ಅವರ ಮಾರಿ ಮ್ಯಾಲೇ, "ಖಾಲಾ, ಮೊಸರು ಕೊಡ್ತೀರೋ ಜುಲಾಬು ಕೊಡ್ತೀರೋ" ಅಂದನಂತ. ಅವರು ಗಡಗಿ ಮುಚ್ಚಿ ಒಳಗ ಇಟ್ರಂತ. ಬುಧವಾರ ಗಂಜಿ ಕಾಸ್ಕೊಂಡು ಮ್ಯಾಲ ಬಂದ್ರು, ನಯೀಮ ಮಾರಿ ತಿರುವಿದ. ಬಟ್ಟಲ ನನ್ನ ಕೈಯಾಗ ಕೊಟ್ಟು, "ನನ್ನ ಕೈಲೆ ತಪ್ಪಾತು ಬೇಟಾ, ಮಾಫ್ ಮಾಡ್ರಿ. ಹೆಪ್ಪು ಕೆಟ್ಟಿತ್ತು ಕಾಣ್ತದ, ನಂಗ ತಿಳೀಲಿಲ್ಲ, ವಯಸ್ಸಾತು" ಅಂದ್ರು. ನನಗ ಮಾಫಿ ಕೇಳಿದ್ರು ಅವ್ವ. ನಾ ಆ ಗಂಜಿ ಕುಡದೆ.

ಇನ್ನೂ ಅದ, ಕೇಳು. ಆ ಹೆಪ್ಪು ಅವರು ಮದುವಿಯಾಗಿ ಬಂದಾಗ ಅವರ ಅತ್ತಿ ಕೊಟ್ಟಿದ್ದು. ಶಹಾಬಾದಿನ್ಯಾಗ ಕಲ್ಲಿನ ಖಣಿ ಬಂದ್ ಬಿದ್ದು ಇಲ್ಲಿಗೆ ಬರೋವಾಗ ತೊಡಿ ಮ್ಯಾಲ ಇಟ್ಕೊಂಡು ತಂದ್ರಂತ. ಒಂದಿನಾನೂ ತಪ್ಪಿಸದೆ ನಿನ್ನಿ ಮೊಸರು ಇವತ್ತಿನ ಹಾಲಿಗೆ ಹಾಕ್ಕೋತ ಬಂದಿದ್ದು. ಅದನ್ನ ಅವರು ಪೂರಾ ಚೆಲ್ಲ್ಯಾರ. ಗಡಗಿ ಬೂದಿಲೆ ತಿಕ್ಕಿ, ಕುದಿಯೋ ನೀರು ಹಾಕಿ ತೊಳದು ಬೋರಲ ಹಾಕ್ಯಾರ. ನಾ ನೀರಿಗೆ ಇಳಿಯೋವಾಗೆಲ್ಲಾ ಕಾಣ್ತದ. ಅದನ್ನ ನೋಡಬಾರದು ಅಂತ ಒಂದೊಂದು ಸಲ ಹಿಂದಿನ ಗ್ವಾಡಿ ಜಿಗದು ಹೋಗ್ತೀನಿ.

ಅದಕ್ಕ ಅವ್ವ, ಇಲ್ಲಿ ಇರೋದು ಬ್ಯಾಡ ಅನ್ನಿಸ್ಯಾದ. ಬಂದೇನವಾಜ್ ಮೇಸ್ತ್ರಿ ನಾಳಿ ಮುಂಜಾನೆ ಪುಣೆಕ್ಕ ಮಂದಿ ಕರ್ಕೊಂಡು ಹೊಂಟಾರ, ನಾನೂ ಬರ್ತೀನಿ ಅಂದೀನಿ. ಬ್ಯಾಗು ತುಂಬಿ ಬಾಗಿಲ ಹಿಂದ ಇಟ್ಟೀನಿ. ಮತ್ತ ಊರು ಬದಲಿ ಮಾಡ್ದ ಅಂತ ಬೈಬ್ಯಾಡ. ಅಲ್ಲಿ ಹೋಗಿ ಫೋನ್ ಮಾಡ್ತೀನಿ. ಓಣ್ಯಾಗ ದೊಡ್ಡವರಿಗೆಲ್ಲಾ ಶರಣು ಹೇಳು, ಸುಜಾತಾಗ ಚಲೋ ಓದು ಅನ್ನು, ಎಮ್ಮಿ ಬೆನ್ನಿಗೆ ನನ್ನ ಹೆಸರಿಲೆ ಒಂದು ಸಲ ಕೈ ಆಡಿಸು.

ನಿನ್ನ ಅವಸರದ ಕೂಸು,
ಜೈಭೀಮ

ಮರ್ತಿದ್ದ ಮಾತು: ಅವ್ವ, ಇನ್ನಾ ಬಂದ್ ಮಾಡಬ್ಯಾಡ. ಸುಜಾತಾ, ಫೋನ್ ಇಡಬ್ಯಾಡ. ಈಗ ಬ್ಯಾಗು ಹಿಡ್ಕೊಂಡು ಕೆಳಗ ಇಳದೆ, ಆ ಗಡಗಿ ಮತ್ತ ಕಾಣ್ತು, ಅಲ್ಲೇ ನೀ ಕುಂತಿದ್ದು ನೆನಪಾತು. ಹೋದ ವರ್ಷ ಊರಿಗೆ ಹೋಗೋ ಮುಂದ ನೀ ಖಾಲಾನ ಮೊಸರಾಗ ಒಂದು ಬಿಳೀ ಬಟ್ಟಿ ಅದ್ದಿ, ಮಾಳಗಿ ಮ್ಯಾಲ ಒಣಗಿಸಿ, ಊರಾಗ ಹಾಲಿಗೆ ಅದ್ದಿ ಹೆಪ್ಪು ಮಾಡಾಕ ಒಯ್ದಿದ್ದಿ. ಖಾಲಾ ನಕ್ಕು ಅಂದಿದ್ರು, "ಹೆಪ್ಪು ದಾನ ಕೊಡಂಗಿಲ್ಲ ತಂಗಿ, ಕಡಾ ಕೊಡ್ತಾರ. ಒಂದಿನ ವಾಪಸ್ ಕೇಳ್ತೀನಿ." ಅದು ಇನ್ನಾ ಹಾಕ್ಕೋತ ಬಂದೀಯಿಲ್ಲೋ? ನಿನ್ನ ಮೊಸರು ಇವತ್ತಿಗೂ ಅದೇ ಹೆಪ್ಪಿಂದೋ? ಅದೇ ಇದ್ರ ಬಟ್ಟಿ ಅದ್ದಿ ಒಣಗಿಸಿ ಮೌಲಾಲಿ ಮಾಮಾನ ಕೈಲೆ ಕಳಿಸು. ನಾ ಪುಣೆಕ್ಕ ಹೋಗಂಗಿಲ್ಲ. ನೀ ಖಾಲಾಗ ಫೋನ್ ಮಾಡಿ ಏನೂ ಹೇಳಬ್ಯಾಡ, ನಿನ್ನಾಣಿ. ಬಟ್ಟಿ ಒಯ್ದು ನಾನೇ ಅವರ ಕೈಯಾಗ ಇಡ್ತೀನಿ, ನಯೀಮನ್ನ ಪಕ್ಕಕ್ಕ ನಿಂದ್ರಿಸ್ಕೊಂಡು. ಕೆಟ್ಟ ಹೆಪ್ಪು ಮತ್ತ ಯಾಕ ತಂದಿ ಬೇಟಾ ಅಂತ ಅವರು ಕೇಳೇ ಕೇಳ್ತಾರ. ಕೇಳಲಿ.