ಉದ್ಯಾನದ ಬೆಂಚಿನಲ್ಲಿ ಜಾಸ್ಮಿನಳ ನಿದ್ದೆ

ಹುಬ್ಬಳ್ಳಿ,
ಭಾನುವಾರ

ಅತ್ತೆಯವರಿಗೆ ಸಬೀನಾಳ ಸಲಾಂ.

ಫೋನಿನಲ್ಲಿ ಹೇಳಲು ನಾಚಿಕೆಯಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಮಗ ತೀರಿಕೊಂಡ ಮೇಲೆ ಇನ್ನೊಂದು ಮದುವೆಯ ಮಾತು ನನಗೆ ಬೇಡವಾಗಿತ್ತು. ನೀವು ಹಟ ಹಿಡಿದು ಕಳಿಸಿದ್ದಕ್ಕೇ ಬೆಟಗೇರಿಯ ಇಲಿಯಾಸರನ್ನು ನೋಡಲು ಇಲ್ಲಿಯ ದೊಡ್ಡ ಉದ್ಯಾನಕ್ಕೆ ಹೋದೆ. ಒಲ್ಲೆ ಎಂದು ಹೇಳಿ ಬರುವುದೆಂದೇ ಹೋಗಿದ್ದೆ.

ಜೊತೆಗೆ ಬಂದಿದ್ದ ನಿಮ್ಮ ಮೊಮ್ಮಗಳು ಜಾರುಬಂಡಿ ಆಡಿ ದಣಿದು, ಬೆಂಚಿನ ಮೇಲೆ ಇಲಿಯಾಸರ ತೋಳಿಗೆ ಒರಗಿ ನಿದ್ದೆ ಹೋದಳು. ನಾನು ಎತ್ತಿಕೊಳ್ಳಲು ಹೋದರೆ, "ಇರ್ಲಿ ಬಿಡ್ರಿ, ಕೂಸು ಮಲ್ಕೊಂಡೈತಿ" ಎಂದರು. ಜಾಸ್ಮಿನ ಏಳುವವರೆಗೂ ಅಲುಗಾಡಲಿಲ್ಲ. ಆಮೇಲೆ ಜೋಮು ಹಿಡಿದ ಕೈಯಿಂದ ಅವಳ ಚಪ್ಪಲಿಯ ಪಟ್ಟಿ ಹಾಕಲು ಬಾರದೆ ತಾವೇ ನಕ್ಕರು. ನನಗೂ ನಗು ಬಂತು.

ಧೈರ್ಯ ಮಾಡಿ, "ನಮ್ಮ ಅತ್ತೀನ್ನ ಬಿಟ್ಟು ನಾ ಬರಂಗಿಲ್ರಿ" ಎಂದೆ.

"ಮಗನ್ನ ಕಳ್ಕೊಂಡಾರ. ಮೊಮ್ಮಗಳನ್ನೂ ಯಾಕ ದೂರ ಮಾಡೂಣ್ರಿ? ನಮ್ಮ ಮನ್ಯಾಗ ಅವರಿಗೂ ಒಂದು ಖೋಲಿ ಐತಿ" ಎಂದರು.

ಲಕ್ಷ್ಮೇಶ್ವರದ ಬಾಡಿಗೆ ಮನೆ ಬಿಡುತ್ತೇವೆಂದು ಮಾಲೀಕರಿಗೆ ಈಗಲೇ ಹೇಳಿಡಿ. ನಿಮ್ಮ ಹೊಲಿಗೆ ಯಂತ್ರವನ್ನು ಮಾತ್ರ ಯಾರಿಗೂ ಕೊಡಬೇಡಿ. ಆ ಖೋಲಿಯ ಕಿಟಕಿಯಲ್ಲಿ ಒಳ್ಳೆಯ ಬೆಳಕು ಬರುತ್ತದಂತೆ.

ನಿಮ್ಮ ಮಗಳು,
ಸಬೀನಾ