ಮೂರು ತಟ್ಟು, ಒಂದು ಬಿಡುವು

ಜೂನ್ 3, ಮಂಗಳವಾರ. ಬೆಳಗಿನ 4.50
ಎಬ್ಬಿಸಿದ್ದು ಮೊಬೈಲಿನ ಗುರ್ರ್ ಸದ್ದು. ಪಕ್ಕದ ಕೋಣೆಯಲ್ಲಿ ಅತ್ತೆ ಕೈಗೆ ಕಟ್ಟಿದ ಬ್ಯಾಂಡ್ ತಟ್ಟಿ ನೋಡುತ್ತಿದ್ದಾರೆ. ಅವರಿಗೆ ಕಿವಿ ಕೇಳಿಸದು. ನನ್ನ ಗಂಡ ಪ್ರದೀಪ್ ತಂದ ಬ್ಯಾಂಡ್ — ತೊಟ್ಟಿಲಲ್ಲಿ ಪಾಪು ಅತ್ತರೆ ಅವರ ಮಣಿಕಟ್ಟು ಅದುರುತ್ತದೆ. ನಾನು ಮೊಬೈಲಿನಲ್ಲಿ ಒತ್ತಿದರೂ ಅದುರುತ್ತದೆ. ಅವರು ತಟ್ಟಿದರೆ ನನ್ನ ಮೊಬೈಲ್.

ಇಂದಿನಿಂದ ಮತ್ತೆ ಸೊರಬದ ಕಾಲೇಜು. ಪಾಪುವಿಗೆ ಆರು ತಿಂಗಳು. ಸರಿಹೋಗದಿದ್ದರೆ ಕೆಲಸ ಬಿಡುವುದು. ರಾಜೀನಾಮೆ ಪತ್ರ ಬ್ಯಾಗಿನಲ್ಲಿದೆ.

ಸಂಜೆ
ಹನ್ನೊಂದಕ್ಕೆ ಒತ್ತಿದೆ. ಉತ್ತರವಿಲ್ಲ. ಆರು ಸಲ ಒತ್ತಿದೆ. ಪ್ರದೀಪ್ ಫೋನ್ ಎತ್ತಲಿಲ್ಲ. ಕ್ಲಾಸ್ ಬಿಟ್ಟು ಬಸ್ ಹತ್ತಿದೆ. ಶಿರಾಳಕೊಪ್ಪ ದಾಟುವವರೆಗೂ ಒತ್ತುತ್ತಲೇ ಇದ್ದೆ.

ಬ್ಯಾಂಡ್ ಕಿಟಕಿಯಲ್ಲಿತ್ತು. ಅತ್ತೆ ದೇವರ ಮುಂದೆ, ತೊಡೆಯ ಮೇಲೆ ಪಾಪು. ಕಿಟಕಿಯತ್ತ ಕೈ ತೋರಿಸಿದೆ.

“ಮಂಗಳವಾರ ಅಲ್ಲೇನವ್ವ? ಉಚ್ಚಿ ಮುಟ್ಟಿದ ಪಟ್ಟಿ ಕಟ್ಕೊಂಡು ಚಂದ್ರಗುತ್ತಿ ತಾಯಿ ಮುಂದೆ ಕೂರ್ಲಾ?”

ತುಟಿ ಕಾಣುವಂತೆ ಕೇಳಿದೆ, “ಪಾಪು ಉಚ್ಚೆ ಹೊಯ್ದರೆ?”

“ಕೂಸಿಗೆ ಎಲ್ಲೀ ಮೈಲಿಗಿ?”

“ಅತ್ತರೆ ಗೊತ್ತಾಗೋದು ಹೇಗೆ?”

“ಹೊಟ್ಟಿ ಮೇಲೆ ಕೈ ಐತಲ್ಲ. ನಿನ್ ಗಂಡನ್ನ ಸಾಕುವಾಗ ತೊಟ್ಲಿಂದ ನನ್ ಕಾಲ್ಬೆರಳಿಗೆ ದಾರ ಕಟ್ಕೊಂಡು ಮಲಗ್ತಿದ್ದೆ. ಆವಾಗ ದಾರ, ಈಗ ಪಟ್ಟಿ.”

ಅವರ ಪಾದ ನೋಡಿದೆ.

ಜೂನ್ 11, ಬುಧವಾರ
ಪೂಜೆಗೆಂದೇ ಇನ್ನೊಂದು ಬ್ಯಾಂಡ್ ತರಿಸಿದೆವು. ಅತ್ತೆ ಅರಿಶಿನದ ನೀರಲ್ಲಿ ಬಟ್ಟೆ ಅದ್ದಿ, ಒರೆಸಿ, ಮಡಿ ಮಾಡಿಕೊಂಡರು.

ಇವತ್ತು ಬಸ್ಸಿನಲ್ಲಿ ಅಂಗೈಯೊಳಗೆ ಮೊಬೈಲ್ ಅದುರಿತು. ಮೂರು ತಟ್ಟು, ಒಂದು ಬಿಡುವು. ಮತ್ತೆ ಮೂರು. ಪಾಪುವನ್ನು ಮಲಗಿಸುವಾಗ ಅತ್ತೆ ತಟ್ಟುವುದೇ ಹೀಗೆ. ಯಾರೂ ಹೇಳಿಕೊಟ್ಟಿಲ್ಲ... “ಮೇಡಂ, ಸೊರಬ ಬಂತು, ಇಳಿಯಲ್ವಾ?” — ಕಂಡಕ್ಟರ್. ಎಷ್ಟು ತಿಂಗಳಾಗಿತ್ತು ಹಾಗೆ ನಿದ್ದೆ ಹತ್ತಿ.

ಪತ್ರ ಹರಿದಿಲ್ಲ. ಇರಲಿ, ಬ್ಯಾಗಿನಲ್ಲೇ.

ಜೂನ್ 24, ಮಂಗಳವಾರ. ಶಿವಮೊಗ್ಗ, ರಾತ್ರಿ 11.20
ಮೌಲ್ಯಮಾಪನಕ್ಕೆ ಬಂದಿದ್ದೇನೆ. ಪಾಪುವನ್ನು ಬಿಟ್ಟಿರುವ ಮೊದಲ ರಾತ್ರಿ. ಡೈರಿ ಮನೆಯಲ್ಲೇ ಉಳಿಯಿತು. ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ಎಂಟಕ್ಕೆ ಪ್ರದೀಪ್ ಫೋನ್ — ಸ್ವಲ್ಪ ಜ್ವರ, ಸಿರಪ್ ಹಾಕಿದೆ ಎಂದರು. ಆಮೇಲೆ ಸ್ವಿಚ್ ಆಫ್. ಬ್ಯಾಂಡಿಗೆ ಮೂರು ಸಲ ಒತ್ತಿದೆ. ಇಲ್ಲ.

ಪ್ರದೀಪ್, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ. ಅತ್ತೆ, ನೀವು ಬರೀ ತಟ್ಟಿ, ಸಾಕು. ಇಲ್ಲದಿದ್ದರೆ ಮೊದಲ ಬಸ್ಸಿಗೇ—

ಬಂತು. ಮೂರು. ಬಿಡುವು. ಮೂರು. ಅವಸರವಿಲ್ಲ. ಪಾಪು ಮಲಗಿದೆ ಹಾಗಾದರೆ. ನಾನೂ ತಟ್ಟಿದೆ. ಕಣ್ಣು ಎಳೆಯುತ್ತಿದೆ. ಆ ಕೈಗಳಿಗೆ ನಾನು ಏನು...